ಗರಿಗರಿ ಜಪಾನೀಸ್

ಭಾಷೆ ಕಲಿಯಲು ಪದಗಳನ್ನು ಉರು ಹೊಡೆಯುವವರು ದಡ್ಡರು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ನಮ್ಮ ಕಂಪನಿಯ ಟೋಕಿಯೋ ಆಫೀಸಿಗೆ ಮ್ಯಾನೇಜರ್ ಬೇಕಾಗಿದ್ದರು. ಆ ಕುರ್ಚಿ ನನ್ನದೇ ಎಂದು ನಾನೇ ನಿರ್ಧರಿಸಿ, ಶನಿವಾರದ ಜಪಾನೀಸ್ ಕ್ಲಾಸಿಗೆ ಸೇರಿದೆ.

ಅಲ್ಲಿ ಟೀಚರ್ ಒಂದು ದಿನ ದೊಡ್ಡ ರಹಸ್ಯವನ್ನೇ ಬಿಟ್ಟುಕೊಟ್ಟರು. ಜಪಾನೀಸ್ ಪದದ ಸದ್ದು ಕೇಳಿಯೇ ಅದರ ಕುಲಗೋತ್ರ ಹೇಳಬಹುದಂತೆ. ‘ರ’ದಿಂದ ಶುರುವಾದರೆ ಬಹುತೇಕ ಹೊರಗಿನಿಂದ ಬಂದ ಪದ. ನಮ್ಮ ಪಟಪಟ, ಗುಡುಗುಡು ಥರ ಜೋಡಿಯಾಗಿ ಬಂದರೆ ಅನುಕರಣೆಯ ಪದ. ಅದರಲ್ಲೂ ‘ಕ’ ಹೋಗಿ ‘ಗ’ ಬಂದರೆ ಅರ್ಥ ಇನ್ನಷ್ಟು ದಪ್ಪ. ಇಷ್ಟು ತಿಳಿದ ಮೇಲೆ ಕಲಿಯಲು ಇನ್ನೇನು ಉಳಿಯಿತು? ಮುಂದಿನ ಕ್ಲಾಸುಗಳಿಗೆ ಚಕ್ಕರ್ ಹಾಕಿದೆ.

“ನಿಮಗೆ ಜಪಾನೀಸ್ ಬರತ್ತಾ, ಇಲ್ಲಾ ಜಪಾನೀಸ್ ಬಗ್ಗೆ ಬರತ್ತಾ?” ಎಂದಳು ಹೆಂಡತಿ ಸುಧಾ.

ಸಂಶೋಧಕರಿಗೆ ಸ್ವಂತ ಮನೆಯಲ್ಲಿ ಬೆಲೆಯಿಲ್ಲ.

ಅಷ್ಟರಲ್ಲಿ ಟೋಕಿಯೋ ಆಫೀಸಿನ ಮುಖ್ಯಸ್ಥರಾದ ನಕಾಮುರಾ ಪತ್ನೀಸಮೇತ ನಾವಿರುವ ಸಿಂಗಪುರಕ್ಕೆ ಬಂದರು. ಸೆರಂಗೂನಿನ ನಮ್ಮ ಫ್ಲ್ಯಾಟಿಗೆ ದೋಸೆಗೆ ಕರೆದೆ. ನಕಾಮುರಾ ಅವರ ಪತ್ನಿ ಕಡ್ಡಿಯಂತೆ ತೆಳ್ಳಗಿದ್ದರು. ಕಿವಿಯಲ್ಲಿ ಓಲೆ ಮಿನುಗುತ್ತಿತ್ತು. ಮಿನುಗುವುದಕ್ಕೆ ‘ಕಿರಕಿರ’ ಎನ್ನುತ್ತಾರೆಂದು ಗೊತ್ತಿತ್ತು. ಬಾಸಿನ ಹೆಂಡತಿಗೆ ಅಷ್ಟು ಸಣ್ಣ ಹೊಗಳಿಕೆಯೇ? ‘ಕ’ ತೆಗೆದು ‘ಗ’ ಹಾಕಿದೆ.

“ಗಿರಗಿರ!” ಎಂದು ಓಲೆ ತೋರಿಸಿದೆ.

ಆಕೆಯ ಕೈ ಕಿವಿಗೆ ಹೋಯಿತು. ನಾಚಿಕೆ ಎಂದುಕೊಂಡೆ. ಸ್ವಲ್ಪ ಹೊತ್ತಿನಲ್ಲಿ ಓಲೆ ಅವರ ಬ್ಯಾಗ್ ಸೇರಿತ್ತು.

ಆಮೇಲೆ ದೋಸೆ ಬಂತು. ಅದನ್ನು ಹೊಗಳಲು ಜಪಾನೀಸ್ ಪದ ಗೊತ್ತಿರಲಿಲ್ಲ. ಆದರೆ ಸದ್ದಿಗೆಲ್ಲಿಯ ದೇಶ, ಎಲ್ಲಿಯ ಭಾಷೆ? ಕನ್ನಡದಲ್ಲಿ ಜೋಡಿಪದ ಸಿದ್ಧವಾಗಿಯೇ ಇತ್ತಲ್ಲ. ಆಕೆಯ ತಟ್ಟೆಗೆ ದೋಸೆ ಹಾಕಿ, ಮುಖ ನೋಡುತ್ತಾ ತುಂಬು ಹೃದಯದಿಂದ “ಗರಿಗರಿ” ಎಂದೆ.

ಆಕೆ ತಮ್ಮ ಮಣಿಕಟ್ಟು ನೋಡಿಕೊಂಡರು. ನಕಾಮುರಾ ನೀರು ಕುಡಿದರು.

“ದೋಸೆ ಚೆನ್ನಾಗಿಲ್ವಂತಾ?” ಸುಧಾ ಪಿಸುಗುಟ್ಟಿದಳು.

“ಜಪಾನೀಸ್ ಕೇಳಿ ಶಾಕ್ ಆಗಿದಾರೆ” ಎಂದು ಸಮಾಧಾನ ಹೇಳಿ, ನಕಾಮುರಾ ಅವರ ಕಡೆ ತಿರುಗಿ, ಆಕೆಯ ಕಡೆ ಕೈ ಚಾಚಿ ಮತ್ತೊಮ್ಮೆ ಜೋರಾಗಿ ಹೇಳಿದೆ. ಆಕೆ ಇನ್ನೊಂದು ದೋಸೆ ಹಾಕಿಸಿಕೊಂಡರು.

ಶನಿವಾರ ಈ ವಿಜಯವನ್ನು ವರದಿ ಮಾಡಲು ಕ್ಲಾಸಿಗೆ ಹೋದೆ. ಟೀಚರ್ ಕನ್ನಡಕ ತೆಗೆದಿಟ್ಟರು.

“ಗಿರಗಿರ ಅಂದರೆ ಕಣ್ಣಿಗೆ ಚುಚ್ಚುವ ಥಳಕು. ‘ಗ’ ಬಂದರೆ ದಪ್ಪ ಅಂದದ್ದು ಒರಟು ಎಂಬ ಅರ್ಥದಲ್ಲಿ.”

“ಗರಿಗರಿ?”

“ಮನುಷ್ಯರಿಗೆ ಹೇಳಿದರೆ, ಮೂಳೆ ಚಕ್ಕಳ.”

ಸುಧಾ ಅಂದೇ ನಕಾಮುರಾ ಅವರ ಪತ್ನಿಗೆ ಫೋನ್ ಮಾಡಿ, ಗಂಡ ಹೊಗಳಿದ್ದು ದೋಸೆಯನ್ನು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಆಚೆ ಕಡೆಯಿಂದ ನಗು ನಿಲ್ಲಲೇ ಇಲ್ಲ. ಟೋಕಿಯೋ ಕುರ್ಚಿ ಮಾತ್ರ ಸಹೋದ್ಯೋಗಿ ಲಿಮ್‌ಗೆ ಹೋಯಿತು. ಅವನಿಗೆ ಬರುವ ಜಪಾನೀಸ್ ‘ಹೌದು’ ಒಂದೇ.

ನಕಾಮುರಾ ದಂಪತಿ ಈಗಲೂ ಸಿಂಗಪುರಕ್ಕೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾರೆ. ಹಾಲ್‌ನಲ್ಲಿ ಸುಧಾ ಜೊತೆ ಹರಟೆ, ಒಳಗೆ ನಾನು ದೋಸೆ ಹುಯ್ಯುತ್ತೇನೆ. ಕಾವಲಿಗೆ ನೀರು ಚಿಮುಕಿಸಿದಾಗ ಬರುವ ‘ಚುಂಯ್’ ಸದ್ದಿಗೆ ಜಪಾನೀಸಿನಲ್ಲಿ ಏನನ್ನುತ್ತಾರೋ ಕೇಳೋಣವೆನಿಸುತ್ತದೆ. ಆದರೆ ಅಡುಗೆಮನೆ ಬಾಗಿಲನ್ನು ಸುಧಾ ಹೊರಗಿನಿಂದ ಹಾಕಿರುತ್ತಾಳೆ.