ಯೆರೂಸಲೇಮಿಗೆ ಎಷ್ಟು ತಾರಿ?

ಬೈಬಲ್ ಚರಿತ್ರೆ ಓದುವವರಿಗೆ ಎಂಥ ಅಟ್ಲಾಸು ಬೇಕು ಎಂದು ಯಾರಿಗಾದರೂ ಸಂಶಯವಿದ್ದರೆ ಸೀದಾ ಹೊನ್ನಾವರಕ್ಕೆ ಬಂದು ನನ್ನನ್ನು ಕೇಳಬಹುದು. (ನಮ್ಮ ಯಜಮಾನರನ್ನು ಕೇಳಬೇಡಿ. ಅವರಿಗೆ ಗೊತ್ತಿರುವುದು ಜಗಲಿಯಿಂದ ಅಡಿಗೆಮನೆಯ ದಾರಿ ಮಾತ್ರ.)

ಹೋದ ವರ್ಷ ಸಂಡೇ ಸ್ಕೂಲಿನ ಪರೀಕ್ಷೆಯಲ್ಲಿ "ನೋಹನ ನಾವೆ ಎಲ್ಲಿ ಬಂದು ನಿಂತಿತು?" ಎಂದು ಕೇಳಿದರೆ, ನನ್ನ ಮಗಳು ಮಂಗಲಾ ಎದೆಯುಬ್ಬಿಸಿ, ಇಲ್ಲೇ ನಮ್ಮ ಪಕ್ಕದ "ತದಡಿ ಬಂದರದಲ್ಲಿ" ಎಂದುಬಿಟ್ಟಳು. ದೇವಾಲಯಕ್ಕೆ ದೇವಾಲಯವೇ ನಕ್ಕಿತು. "ತಾಯಿ ಧಾರವಾಡದಲ್ಲಿ ಮ್ಯಾಟ್ರಿಕ್ ಮಾಡಿದವಳಂತೆ" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಪಿಸುಗುಟ್ಟಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಮಗುವಿನ ಭವಿಷ್ಯ ತದಡಿಯಲ್ಲೇ ಮುಳುಗಿತೆಂದು ನಾನು ಮೂರು ದಿನ ಅನ್ನ ಬಿಟ್ಟೆ. (ಅವಲಕ್ಕಿ ತಿಂದೆ.) ಮುಂದಿನ ವರ್ಷ ಬಹುಮಾನ ನಮ್ಮ ಮನೆಗೇ ಬರಬೇಕೆಂದು ಅಂದೇ ಶಪಥ ಮಾಡಿದೆ.

ತಪ್ಪು ಮಗುವಿನದಲ್ಲ, ಅಟ್ಲಾಸಿಲ್ಲದ ಮನೆಯದು. ಧಾರವಾಡದ ಅಣ್ಣನಿಗೆ ಕಾಗದ ಹಾಕಿದೆ. ಅವನು ಅಂಗಡಿಯವರನ್ನು ಒಪ್ಪಿಸಿ ಎರಡು ಅಟ್ಲಾಸು ಕಳಿಸಿದ: ಬೇಕಾದ್ದನ್ನು ಇಟ್ಟುಕೋ, ಬೇಡವಾದ್ದನ್ನು ವಾಪಸು ಮಾಡು ಎಂದ. ಒಂದು ತೆಳ್ಳಗೆ, ಹದಿನಾರೇ ನಕ್ಷೆ. ಇನ್ನೊಂದು ಸಾಕ್ಷಾತ್ ಗ್ರಂಥಮಹಾರಾಜ! ಅಬ್ರಹಾಮನ ಕಾಲಕ್ಕೆ ಬೇರೆ ನಕ್ಷೆ, ಅರಸರ ಕಾಲಕ್ಕೆ ಬೇರೆ, ಪೌಲನ ಪ್ರಯಾಣಕ್ಕೆ ಬೇರೆ. ಹಳೆಯ ಹೆಸರಿನ ಕೆಳಗೆ ಈಗಿನ ಹೆಸರು. ಕೊನೆಯಲ್ಲಿ ಮೂವತ್ತು ಪುಟ ಊರುಗಳ ಪಟ್ಟಿ.

"ಈ ಸಣ್ಣದೇ ಸಾಕೇ, ಮಾರಾಯ್ತಿ" ಎಂದರು ಯಜಮಾನರು. "ಅಕ್ಷರ ದೊಡ್ಡ ಇದೆ, ಹೊಳೆ ನೀಲಿ ಇದೆ, ಗುಡ್ಡ ಕಂದು ಇದೆ. ಏಳು ವರ್ಷದ ಹುಡುಗಿಗೆ ಇನ್ನೆಂತ ಬೇಕು?"

"ನಿಮಗೇನ್ ತಿಳೀತದ್ರೀ! ಇದರಾಗ ಪಟ್ಟೀನೇ ಇಲ್ಲ."

"ಪಟ್ಟಿ ಓದಿ ಯಾರಾದ್ರೂ ಯಾತ್ರೆ ಹೋಗ್ತ್ರಾ?"

ಅಷ್ಟರಲ್ಲಿ ತೊಟ್ಟಿಲಿನ ಮಗರಾಯ ಸಣ್ಣ ಅಟ್ಲಾಸಿನ ಮೂಲೆಯನ್ನು ಬಾಯಿಗೆ ತುರುಕಿಕೊಂಡು ತನ್ನ ಎರಡೇ ಎರಡು ಹಲ್ಲಿನಿಂದ ಕಚ್ಚಿಬಿಟ್ಟ. ಬಣ್ಣದ ವಿಷ ಏರಿತೇನೋ ಎಂದು ನಾನು ಡಾಕ್ಟರಲ್ಲಿಗೆ ಓಡಿದೆ. ಡಾಕ್ಟರು ನನಗೇ ಔಷಧಿ ಕೊಟ್ಟು ಕಳಿಸಿದರು. ಆ ವಿಷಪುಸ್ತಕ ಮಾರನೆಯ ದಿನವೇ ಅಂಚೆಯಲ್ಲಿ ಧಾರವಾಡಕ್ಕೆ ಹಿಂತಿರುಗಿತು.

ಗ್ರಂಥಮಹಾರಾಜನಿಗೆ ಕಂದುಕಾಗದದ ಅಂಗಿ ಹೊಲಿದು ಕಪಾಟಿನ ತುದಿಯಲ್ಲಿಟ್ಟೆ. ಮಕ್ಕಳ ಕೈಗೆ ಕೊಡುವ ವಸ್ತುವೇ ಅದು? ನಾನೇ ಇಳಿಸಿ, ನಾನೇ ನೋಡಿ, ಅಳತೆಪಟ್ಟಿ ಇಟ್ಟು ಲೆಕ್ಕ ಹಾಕಿ ಮಂಗಲಾಳಿಗೆ ಪಾಠ ಹೇಳಿದೆ: "ನಜರೇತದಿಂದ ಯೆರೂಸಲೇಮಿಗೆ ಅರವತ್ತೈದು ಮೈಲಿ. ಎಲ್ಲಿ, ಹೇಳು."

ಬಾಗಿಲಲ್ಲಿ ಕಾಯಿ ತುರಿಯುತ್ತಿದ್ದ ಅತ್ತೆ ತಲೆಯೆತ್ತಿದರು. ಅತ್ತೆಯ ತವರು ಭಟ್ಕಳ. ನಡುವೆ ಶರಾವತಿ; ಸೇತುವೆ ಇನ್ನೂ ಆಗಿಲ್ಲ, ಬಸ್ಸಿಳಿದು ಲಾಂಚು ಹತ್ತಿ ಹೊಳೆ ದಾಟಬೇಕು. ಆ ದಾಟುವಿಕೆಗೆ ಇಲ್ಲಿಯವರು ತಾರಿ ಎನ್ನುತ್ತಾರೆ. ಭಟ್ಕಳ ಎಷ್ಟು ದೂರ ಎಂದು ಕೇಳಿದರೆ ಅತ್ತೆ ಮೈಲಿ ಹೇಳಿದವರೇ ಅಲ್ಲ. "ಒಂದು ತಾರಿ" ಎನ್ನುತ್ತಾರೆ.

"ಪಟ್ಟಿ ಇಟ್ಟ ಹಾಂಗೆ ನೆಟ್ಟಗೆ ಹೋಗೂಕೆ ನಜರೇತದವರೆಂತ ಕಾಗೆಯಾ?" ಎಂದರು. "ನಡುವೆ ಸಿಕ್ಕೂ ಸಮಾರ್ಯದವರಿಗೂ ಇವರಿಗೂ ಮಾತುಕತೆ ಇಲ್ಲ. ಆ ಊರು ತಪ್ಪಿಸಿ ಯೊರ್ದನ್ ಹೊಳೆ ಆಚೆ ದಾಟಬೇಕು. ಆಚೆ ಹೋದವರು ಈಚೆ ಬರಬೇಕಲ್ದಾ? ಎರಡು ತಾರಿ ಆತು."

"ಅತ್ತೀ, ಅಟ್ಲಾಸಿನಾಗ ತಾರಿ ಅನ್ನೋ ಅಳತೀನೇ ಇಲ್ಲ" ಎಂದು ನಾನು ಮೃದುವಾಗಿಯೇ ತಿದ್ದಿದೆ.

ಪರೀಕ್ಷೆಯ ದಿನ ಕುಮಟಾ, ಭಟ್ಕಳದ ಮಕ್ಕಳೂ ಬಂದಿದ್ದರು. ಪರೀಕ್ಷಕರಾದ ಪಾದ್ರಿ ಅಯ್ಯನವರು ಭಟ್ಕಳದ ಕಡೆಯಿಂದ ಬರುವಾಗ ಲಾಂಚು ತಪ್ಪಿ, ಒಂದು ತಾಸು ದಡದಲ್ಲಿ ಒಣಗಿ ಬಂದಿದ್ದರು. ಅವರಿಗೆ ತೋರಿಸಿಯೇ ಬಿಡೋಣವೆಂದು ನಾನು ಅಟ್ಲಾಸನ್ನೂ ಹೊತ್ತು ತಂದಿದ್ದೆ. ಮಂಗಲಾಳ ಸರದಿ ಬಂತು. ಮೇಜಿನ ಹಿಂದೆ ಅವಳ ರಿಬ್ಬನ್ನು ಮಾತ್ರ ಕಾಣುತ್ತಿತ್ತು. ಯಜಮಾನರು ನನ್ನ ಮಡಿಲಿನಿಂದ ಅಟ್ಲಾಸನ್ನು ಎಳೆದುಕೊಂಡು ಹೋಗಿ, ಅವಳ ಕಾಲಡಿಗೆ ಇಟ್ಟು ಬಂದರು. ನಾನು ಕಿರಿಚುವಷ್ಟರಲ್ಲಿ ಪ್ರಶ್ನೆ ಬಂದಾಗಿತ್ತು.

"ಹಬ್ಬಕ್ಕೆಂದು ನಜರೇತದಿಂದ ಯೆರೂಸಲೇಮಿಗೆ ಹೊರಟವರು ಎಷ್ಟು ದೂರ ಹೋಗಬೇಕಿತ್ತಮ್ಮ?"

ನಾನು ತುಟಿಯಲ್ಲೇ ಅರವತ್ತೈದು, ಅರವತ್ತೈದು ಎಂದು ಜಪಿಸಿದೆ.

"ಎರಡು ತಾರಿ, ಅಯ್ಯನವರೇ."

ಮತ್ತೆ ನಗು. ತದಡಿಯೇ ನನ್ನ ಮೇಲೆ ಮಗುಚಿದಂತಾಯಿತು. ಅಯ್ಯನವರು ಮಾತ್ರ ನಗಲಿಲ್ಲ. "ಯಾಕೆ ಎರಡು?" ಎಂದರು. ಮಂಗಲಾ ಸಮಾರ್ಯ, ಹೊಳೆ, ಆಚೆ, ಈಚೆ ಎಲ್ಲ ಅಜ್ಜಿಯ ಹಾಗೆಯೇ ಕೈ ತಿರುಗಿಸಿ ಹೇಳಿದಳು.

"ತಾರಿ ಇತ್ತೋ, ನೀರಿಗಿಳಿದು ನಡೆದರೋ, ಎರಡು ಸಲ ದಾಟಬೇಕಾದ್ದು ಸರಿ!" ಎಂದು ಅಯ್ಯನವರು ಮೇಜು ಗುದ್ದಿದರು. "ಬೆಳಿಗ್ಗೆಯಿಂದ ಎಲ್ಲರೂ ಮೈಲಿ ಒಪ್ಪಿಸಿದರು; ದಾರಿ ಹೇಳಿದವಳು ಇವಳೊಬ್ಬಳೇ. ಯಾವ ಅಟ್ಲಾಸು ನೋಡಿ ಕಲಿತೆ, ಮಗಳೇ?"

ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಮಂಗಲಾ ಕಾಲಡಿಗೆ ಬಗ್ಗಿ ನೋಡಿದಳು.

"ಇದರೊಳಗೆ ಎಂತ ಇದ್ಯೋ ನಂಗೆ ಗೊತ್ತಿಲ್ಲ. ಮುಟ್ಟಿದ್ರೆ ಅಮ್ಮ ಬೈತಾಳೆ. ನಿಲ್ಲೂಕೆ ಮಾತ್ರ ಲಾಯ್ಕ ಇದೆ."

ಮೊದಲ ಬಹುಮಾನ ನಮಗೇ ಬಂತು. ನನ್ನ ಶಪಥ ಸುಳ್ಳಾಗಲಿಲ್ಲ. ಅಯ್ಯನವರು ಧಾರವಾಡದ ಅಂಗಡಿಯಿಂದಲೇ ತರಿಸಿದ್ದ ಬಹುಮಾನದ ಪೊಟ್ಟಣವನ್ನು ಮನೆಯಲ್ಲಿ ಬಿಚ್ಚಿದೆವು. ತೆಳ್ಳಗಿನ ಅಟ್ಲಾಸು, ಹದಿನಾರು ನಕ್ಷೆ. ಮೂಲೆಯಲ್ಲಿ ಎರಡು ಪುಟ್ಟ ಹಲ್ಲಿನ ಗುರುತು.

ಅಜ್ಜಿಯೂ ಮೊಮ್ಮಗಳೂ ಅದನ್ನು ನೆಲದ ಮೇಲೆ ಹರಡಿಕೊಂಡು ನೀಲಿ ಹೊಳೆ ಹುಡುಕತೊಡಗಿದರು. ಯಜಮಾನರು ನನ್ನ ಮುಖ ನೋಡಲಿಲ್ಲ. ಗ್ರಂಥಮಹಾರಾಜನನ್ನು ಎತ್ತಿ ಕಪಾಟಿನ ಮುಂದೆ ನೆಲದ ಮೇಲಿಟ್ಟು, ಅದರ ಮೇಲೆ ಹತ್ತಿ ನಿಂತು, ತುದಿಯಲ್ಲಿದ್ದ ಚಕ್ಕುಲಿ ಡಬ್ಬ ಇಳಿಸಿಕೊಂಡರು.

"ಅಟ್ಲಾಸು ಒಳ್ಳೇದೇ ಆರಿಸಿದ್ದೆ, ಮಾರಾಯ್ತಿ" ಎಂದರು.