ಮಂಗಳವಾರದ ಮುಸುರೆಧರ್ಮ

ನನ್ನ ಗಂಡ ಹಾರ್ಲನ್ ಹೊಸ ಧರ್ಮಕ್ಕೆ ಸೇರಿದ್ದರ ಬಗ್ಗೆ ನನಗೆ ಬೇಸರವಿಲ್ಲ. ಬರುವ ಅಕ್ಟೋಬರಿನಲ್ಲಿ ಆಕಾಶದಿಂದ ಒಂದು ನದಿ ಇಳಿದು, ಆಯ್ದ ನೂರಾ ನಲವತ್ತು ಮಂದಿಯನ್ನು ಮಾತ್ರ ತೇಲಿಸಿಕೊಂಡು ಹೋಗುತ್ತದೆ ಎಂದು ಅವನು ನಂಬಿದ್ದಕ್ಕೂ ನನ್ನ ತಕರಾರಿಲ್ಲ. (ಮನುಷ್ಯನಿಗೆ ಈಜು ಬಾರದು. ಅದು ಅವನಿಗೂ ನದಿಗೂ ಬಿಟ್ಟದ್ದು.) ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅವನು ಅಲ್ಲಿ ಪಾತ್ರೆ ತೊಳೆಯುತ್ತಿದ್ದ.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹಾರ್ಲನ್ ಒಂದು ಚಮಚವನ್ನೂ ನೀರಿಗೆ ಹಿಡಿದವನಲ್ಲ. ನಮ್ಮ ಮನೆಯ ಸಿಂಕು ಯಾವ ಮೂಲೆಯಲ್ಲಿದೆ ಎಂದು ಕೇಳಿದರೆ ಸ್ವಲ್ಪ ಯೋಚಿಸಿ ಹೇಳುತ್ತಿದ್ದ. ಪಾತ್ರೆ ತೊಳೆಯುವ ಯಂತ್ರ ಕೆಟ್ಟು ಐದು ವರ್ಷವಾಗಿತ್ತು. "ಈ ಶನಿವಾರ ನೋಡ್ತೀನಿ" ಎಂದು ಅವನು ಹೇಳಿದ ಶನಿವಾರಗಳನ್ನೆಲ್ಲ ಸೇರಿಸಿದರೆ ಒಂದು ವರ್ಷದ ರಜೆಯಾಗುತ್ತದೆ. ಆ ಯಂತ್ರದೊಳಗೆ ನಾನು ಈರುಳ್ಳಿ ಇಡುತ್ತಿದ್ದೆ.

ಗುಟ್ಟು ರಟ್ಟಾದದ್ದು ಒಂದು ಗಾಜಿನ ಟ್ರೇಯಿಂದ. ವಿಸ್ಕಾನ್ಸಿನ್‌ನ ನಮ್ಮೂರಲ್ಲಿ ಯಾರೇ ಹೆರಲಿ, ಸಾಯಲಿ, ಮನೆ ಬದಲಿಸಲಿ, ಹೆಂಗಸರು ಗಾಜಿನ ಟ್ರೇ ತುಂಬ ಏನಾದರೂ ಬೇಯಿಸಿ ಕಳಿಸುತ್ತೇವೆ. ಟ್ರೇ ಮರಳಿ ಬರಲೆಂದು ತಳಕ್ಕೆ ಹೆಸರು ಬರೆದ ಟೇಪು ಅಂಟಿಸುತ್ತೇವೆ. ಮಂಗಳವಾರ ಸಂಜೆ ಬೋಲಿಂಗ್ ಆಡಲು ಹೋಗುತ್ತೇನೆಂದು ಹಾರ್ಲನ್ ಒಂದು ಟ್ರೇ ಮ್ಯಾಕರೋನಿ ಮಾಡಿಸಿಕೊಂಡು ಹೋದ. ಮರುದಿನ ಖಾಲಿ ಟ್ರೇ ನೋಡಿದರೆ ಹನ್ನೊಂದು ವರ್ಷದಿಂದ ಮೂಲೆಯಲ್ಲಿ ಕರಟಿ ಕೂತಿದ್ದ ಕರಿ ಮಾಯವಾಗಿದೆ! ತಿರುಗಿಸಿದೆ. "ಮಾರ್ವಾ" ಎಂಬ ನನ್ನ ಟೇಪು ಕಿತ್ತುಹೋಗಿ, ಅದರ ಜಾಗದಲ್ಲಿ ದಪ್ಪಕ್ಷರದ ಹೊಸ ಟೇಪು: "ಸೋದರ ಹಾರ್ಲನ್."

"ಇದೇನು?" ಎಂದೆ.

"ನಾನೇ ತೊಳೆದೆ" ಎಂದ, ಕಿವಿಯವರೆಗೂ ಕೆಂಪಾಗಿ. "ಅಲ್ಲಿ ಯಾರು ತೊಳೀತಾರೋ ಅವರ ಹೆಸರು ಹಾಕ್ತಾರೆ."

ನಾನು ಕುರ್ಚಿ ಎಳೆದುಕೊಂಡು ಕೂತೆ.

ಅಕ್ಕ ಡೋರಿನ್‌ಗೆ ಫೋನು ಮಾಡಿದೆ. ಅವಳು ಟೀವಿಯಲ್ಲಿ ಇಂಥದ್ದನ್ನೆಲ್ಲ ನೋಡಿ ಪಳಗಿದವಳು.

"ಅಯ್ಯೋ, ಆ ನದಿಯವರಾ? ಹಾಲಿನ ಫಾರ್ಮ್ ಕೊಂಡುಕೊಂಡವರು? ಅವನ ಮಿದುಳು ತೊಳೆದುಬಿಟ್ಟಿದಾರೆ ಕಣೇ!"

"ಮಿದುಳು ಹಾಗಿರಲಿ ಅಕ್ಕ, ನೀನು ಬಂದು ಟ್ರೇ ನೋಡು!"

ಭಾನುವಾರ ಸಂದರ್ಶಕರಿಗೆ ಬಾಗಿಲು ತೆರೆದಿರುತ್ತದೆ ಎಂದು ತಿಳಿದು ಹಾರ್ಲನ್ ಜೊತೆ ನಾನೂ ಹೊರಟೆ. ಅವರ ಗುರು ಸೋದರ ಆಲ್ಡನ್ ಹಿಂದೆ ರತ್ನಗಂಬಳಿ ಮಾರುತ್ತಿದ್ದನಂತೆ. ಈಗಲೂ ಮಾತಾಡುವಾಗ ಅಂಗೈಯಿಂದ ಗಾಳಿಯನ್ನು ಸವರುತ್ತಾನೆ. ಹಳೇ ಕೊಟ್ಟಿಗೆಯಲ್ಲಿ ಉದ್ದಕ್ಕೆ ತೊಟ್ಟಿಗಳು. ನೀಲಿ ಏಪ್ರನ್ ಕಟ್ಟಿದ ಗಂಡಸರ ಸಾಲು, ಒಬ್ಬ ಉಜ್ಜುವವನು, ಒಬ್ಬ ಜಾಲಿಸುವವನು, ಒಬ್ಬ ಒರೆಸುವವನು. ನನ್ನ ಹಾರ್ಲನ್ ಜಾಲಿಸುತ್ತಿದ್ದ, ಮಗುವಿಗೆ ಸ್ನಾನ ಮಾಡಿಸುವವನ ಹಾಗೆ. (ನಮ್ಮ ಮಗಳಿಗೆ ಅವನು ಸ್ನಾನ ಮಾಡಿಸಿದ್ದು ಒಂದೇ ಸಲ. ಅವತ್ತು ನಾನು ಹೊಸ ಟವೆಲ್ಲು ಕೊಳ್ಳಬೇಕಾಯಿತು.) ಮುಗಿದ ಮೇಲೆ ಎಲ್ಲರೂ ಎದೆಗೆ ಕೈಯಿಟ್ಟು "ಸೋದರ ಹಾರ್ಲನ್" ಎಂದರು. ಆಲ್ಡನ್ ಟೇಪು ಹರಿದು, ಹೆಸರು ಬರೆದು ಅಂಟಿಸಿದ. ಹಾರ್ಲನ್ ಕಣ್ಣಲ್ಲಿ ನೀರು!

"ತಟ್ಟೆ ತೊಳೆಯುವವನು ತನ್ನನ್ನೇ ತೊಳೆದುಕೊಳ್ಳುತ್ತಾನೆ" ಎಂದು ಆಲ್ಡನ್ ಉಪದೇಶಿಸಿದ. ಆ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ನಾನು ಪಾರದರ್ಶಕಳಾಗಿರಬೇಕಿತ್ತು. (ಒಂದರ್ಥದಲ್ಲಿ ಆಗಿದ್ದೇನೆ. ಮನೆಯಲ್ಲಿ ಯಾರಿಗೂ ಕಾಣಿಸುವುದಿಲ್ಲ.)

ಇಷ್ಟು ತಟ್ಟೆಗಳನ್ನು ಕೊಳೆ ಮಾಡಲು ಯಾರೋ ಬೇಯಿಸಿರಬೇಕಲ್ಲ ಎಂದು ಹಲಗೆಯ ಗೋಡೆಯಾಚೆ ಇಣುಕಿದೆ. ಒಂಬತ್ತು ಹೆಂಗಸರು ಬೆವರು ಸುರಿಸುತ್ತ ಆಲೂಗಡ್ಡೆ ಹಿಸುಕುತ್ತಿದ್ದರು.

"ಇವರಿಗೆ ಟೇಪಿಲ್ವಾ?" ಎಂದು ಕೇಳಿದೆ.

"ಅಡುಗೆ ಅವರಿಗೆ ಸಹಜ, ಸೋದರಿ" ಎಂದು ಆಲ್ಡನ್ ಗಾಳಿ ಸವರಿದ. "ಸಹಜವಾಗಿ ಬರೋದಕ್ಕೆ ಸಾಧನೆ ಯಾಕೆ?"

ಒಳಗೆ ಹೋಗಿ ಆಲೂಗಡ್ಡೆಯವಳೊಬ್ಬಳನ್ನು ಮೆಲ್ಲಗೆ ಕೇಳಿದೆ: "ಹೆಸರಿಲ್ಲ, ಬಿಡುವಿಲ್ಲ, ಯಾಕಮ್ಮ ಇಲ್ಲಿದೀಯ?"

ಅವಳು ಮಣಿಕಟ್ಟಿನಿಂದ ಹಣೆ ಒರೆಸಿಕೊಂಡಳು. "ಇದನ್ನೇ ಮನೇಲಿ ಒಬ್ಬಳೇ ಮಾಡ್ತಿದ್ದೆ. ಇಲ್ಲಿ ಒಂಬತ್ತು ಜನ ಇದೀವಿ" ಎಂದಳು. ಮಿಕ್ಕ ಎಂಟೂ ಜನ ನಕ್ಕರು. ಅದೊಂದೇ ಮಾತು ಅಲ್ಲಿ ಉಪದೇಶದ ಹಾಗಿತ್ತು.

ಕಾರಿನಲ್ಲಿ ಹಾರ್ಲನ್ ಗಂಟಲು ಸರಿಮಾಡಿಕೊಂಡ. "ಮುಂದಿನ ತಿಂಗಳು ದೀಕ್ಷೆ ಕಣೇ. ಆಮೇಲೆ ಅಲ್ಲೇ ಇರಬೇಕು."

"ಅಲ್ಲೇ ಅಂದ್ರೆ? ನಾನು?"

"ನೀನೂ ಬಾ. ಅಡುಗೆಮನೇಲಿ ಜಾಗ ಇದೆ."

"ನೋಡಿದೆ! ಅಲ್ಲಯ್ಯಾ, ನಿನ್ನನ್ನ ಯಾರೂ ಕಟ್ಟಿಹಾಕಿಲ್ಲ. ಬಿಟ್ಟು ಬಾ ಅಂದ್ರೆ?"

"ಬಿಟ್ಟರೆ ಜಾಲಿಸೋರು ಯಾರು ಹೇಳು. ಲೆನ್ನಿ ಇದಾನೆ, ಅವನಿಗೆ ಜಾಲಿಸೋದೇ ಬರಲ್ಲ. ಸೋಪು ಹಾಗೇ ಇರುತ್ತೆ."

ಆ ರಾತ್ರಿ ನಿದ್ದೆ ಬರಲಿಲ್ಲ. ಗಂಡ ಹೋಗುತ್ತಾನೆಂಬ ಸಂಕಟ ಒಂದು ಕಡೆ. ಇಪ್ಪತ್ತಾರು ವರ್ಷ ಒಗ್ಗಿಹೋದ ಮನುಷ್ಯ, ಗೊರಕೆಯಿಲ್ಲದೆ ನಾನು ಮಲಗುವುದು ಹೇಗೆ? ಇನ್ನೊಂದು ಕಡೆ, ನಮ್ಮ ಮನೆಯ ಎದುರಿನ ಚರ್ಚಿನಲ್ಲಿ ಮಂಗಳವಾರ ಸಂಜೆ ಹಾಡಿನ ತಂಡ ಸೇರುತ್ತದೆ. ನಾಲ್ಕು ವರ್ಷದಿಂದ ನಾನು ಪಾತ್ರೆ ತಿಕ್ಕುತ್ತ, ಕಿಟಕಿ ತೆರೆದಿಟ್ಟು, ಇಲ್ಲಿಂದಲೇ ದನಿ ಸೇರಿಸುತ್ತಿದ್ದೆ. ತೊಳೆಯುವ ಗಂಡ ಮನೆಯಲ್ಲೇ ಇದ್ದರೆ? ಥಟ್ಟನೆ ಎದ್ದು ಕೂತೆ. ಆಲ್ಡನ್‌ನ ಬಳಿ ಇರುವುದು ಒಂದು ಸುರುಳಿ ಟೇಪು ತಾನೇ? ಅದು ಅಂಗಡಿಯಲ್ಲಿ ಸಿಗುತ್ತದೆ!

ಮರುದಿನ ಊಟವಾದ ಮೇಲೆ ಹಾರ್ಲನ್‌ಗೆ ನೀಲಿ ಏಪ್ರನ್ ಕಟ್ಟಿದೆ. ಅವನು ತೊಳೆದ. ನಾನು ಎದೆಗೆ ಕೈಯಿಟ್ಟು, ನಗು ನುಂಗಿಕೊಂಡು, "ಹಿರಿಯ ಸೋದರ ಹಾರ್ಲನ್" ಎಂದೆ. ಟೇಪು ಅಂಟಿಸಿದೆ.

"ಹಿರಿಯನಾ?" ಎಂದ ಪಿಳಿಪಿಳಿ ಕಣ್ಣು ಬಿಟ್ಟು. "ಅಲ್ಲಿ ಹಿರಿಯ ಆಗೋಕೆ ಏಳು ವರ್ಷ ಬೇಕು."

"ಇಲ್ಲಿ ಬೇಗ ಆಗುತ್ತೆ" ಎಂದೆ.

ದೀಕ್ಷೆ ರದ್ದಾಯಿತು. ಗಂಡ ಉಳಿದ. ಮೂರು ಮಂಗಳವಾರ ನಾನು ಹಾಡಲು ಹೋದೆ. ಓದುಗರೇ, ಆ ಮೂರು ಸಂಜೆಗಳ ಸೊಗಸನ್ನು ಏನೆಂದು ಬಣ್ಣಿಸಲಿ! ಕೈ ಒಣಗಿತ್ತು. ಬೆರಳ ತುದಿ ಸುಕ್ಕುಗಟ್ಟಿರಲಿಲ್ಲ. ಕ್ರಿಸ್‌ಮಸ್‌ಗೆ ನಾಲ್ಕು ಸಾಲು ನಾನೊಬ್ಬಳೇ ಹಾಡಬೇಕೆಂದು ತಂಡದವರು ಹೇಳಿದರು.

ನಾಲ್ಕನೇ ಮಂಗಳವಾರ ಲೆನ್ನಿ ಬಂದ. ಹಾರ್ಲನ್ ಇಲ್ಲದ ಫಾರ್ಮಿನಲ್ಲಿ ಅವನಿಗೆ ಮನಸ್ಸು ನಿಲ್ಲಲಿಲ್ಲವಂತೆ. ನಮ್ಮ ಸಿಂಕಿನ ಮುಂದೆ ಅರ್ಧ ಗಂಟೆ ನಿಂತ. ಸೋಪು ಹಾಗೇ ಇತ್ತು. ಆದರೂ ಟೇಪು ಬರೆದೆ, ಪಾಪ. ಮಾರನೆಯ ಬೆಳಗ್ಗೆ ಅವನ ಹೆಂಡತಿ ಫಿಲಿಸ್ ಫೋನು ಮಾಡಿದಳು. ಬೈಗುಳಕ್ಕೆ ಸಿದ್ಧಳಾಗಿ ಎತ್ತಿದೆ.

"ಮಾರ್ವಾ, ಏನು ಮಾಡಿದೆ ನನ್ನ ಗಂಡನ್ನ?"

"ಏನೂ ಇಲ್ಲ ಕಣೇ, ಒಂದು ಟೇಪು..."

"ಹಾಡು ಹಾಡ್ಕೊಂಡು ಮನೆಗೆ ಬಂದ! ನನ್ನ ಇಬ್ಬರು ತಂಗಿಯರ ಗಂಡಂದಿರಿದಾರೆ, ಕಳಿಸ್ಲಾ?"

ಕಳಿಸಿದಳು. ತಿಂಗಳೊಳಗೆ, ನನ್ನವನನ್ನು ಬಿಟ್ಟು, ಹನ್ನೊಂದು ಗಂಡಂದಿರಾದರು. ತೊಡಕು ಆಗ ಶುರುವಾಯಿತು. ಹನ್ನೊಂದು ಮಂದಿ ತೊಳೆಯಬೇಕಾದರೆ ಹನ್ನೊಂದು ಮಂದಿಯ ಮುಸುರೆ ಬೇಕು.

"ನಿಮ್ಮ ನಿಮ್ಮ ಮನೆ ಪಾತ್ರೆ ತನ್ನಿ" ಎಂದೆ.

"ಅದು ಬರೀ ಕೊಳೆ" ಎಂದ ಲೆನ್ನಿ ಗಂಭೀರವಾಗಿ. "ಒಟ್ಟಿಗೆ ಕೂತು ಉಂಡ ತಟ್ಟೇನೇ ತಟ್ಟೆ."

ನಾನು ಬೇಯಿಸಿದೆ. ಮೊದಲು ಎರಡು ಟ್ರೇ, ಆಮೇಲೆ ನಾಲ್ಕು. ಸೋಮವಾರ ಕೊಳ್ಳುವುದು, ಮಂಗಳವಾರ ಹೆಚ್ಚುವುದು, ಬೇಯಿಸುವುದು, ಬುಧವಾರ ಸೊಂಟ ಹಿಡಿದುಕೊಂಡು ಮಲಗುವುದು. ಅವರಲ್ಲೊಬ್ಬ ಕೊಳಾಯಿ ಕೆಲಸದವನು. ನಮ್ಮ ಯಂತ್ರವನ್ನು ಹತ್ತೇ ನಿಮಿಷದಲ್ಲಿ ಸರಿಮಾಡಬಹುದು ಎಂದವನು, ಇನ್ನೊಂದು ಹತ್ತು ನಿಮಿಷದಲ್ಲಿ ಅದು ಧರ್ಮವಿರೋಧಿ ಎಂದು ತೀರ್ಮಾನಿಸಿ ಬೀದಿಗೆ ಸಾಗಿಸಿಬಿಟ್ಟ. ಈರುಳ್ಳಿಯ ಸಮೇತ.

ಇವರಲ್ಲಿ ಯಾರೂ ತಮ್ಮ ಮನೆಯಲ್ಲಿ ಒಂದು ಲೋಟ ತೊಳೆಯಲಿಲ್ಲ ಎಂಬುದು ಬೇರೆ ಮಾತು. ಆದರೆ ಮಂಗಳವಾರ ಸಂಜೆ ಅವರ ಮನೆಗಳಲ್ಲಿ ಬಡಿಸುವುದು ತಪ್ಪಿತಲ್ಲ, ಹೆಂಡತಿಯರಿಗೆ ಬಿಡುವಾಯಿತು. ಆ ಹನ್ನೊಂದೂ ಹೆಂಗಸರು ಎದುರಿನ ಚರ್ಚಿಗೆ ಹೋಗಿ ಹಾಡಿನ ತಂಡ ಸೇರಿದರು.

ಅಕ್ಟೋಬರ್ ಬಂತು, ಸ್ವಲ್ಪ ಜಿನುಗಿತು, ಹೋಯಿತು. ನದಿಯ ಸುಳಿವಿಲ್ಲ. ಫಾರ್ಮಿನಿಂದ ಒಬ್ಬರೂ ಕದಲಲಿಲ್ಲ. ನನಗೆ ಆಶ್ಚರ್ಯವೋ ಆಶ್ಚರ್ಯ. ಲೆನ್ನಿಗೆ ಇಲ್ಲ. "ನದಿ ಬಂದರೆಷ್ಟು ಬಿಟ್ಟರೆಷ್ಟು, ಮಂಗಳವಾರ ಬರುತ್ತಲ್ಲ" ಎಂದ.

ಒಂದು ಬೆಳಗ್ಗೆ ಸಾಕ್ಷಾತ್ ಆಲ್ಡನ್ ಫೋನು ಮಾಡಿದ. ತನ್ನ ಜನರನ್ನು ಕದ್ದಿದ್ದಕ್ಕೆ ಜಗಳವಾಡುತ್ತಾನೆಂದುಕೊಂಡೆ.

"ಸೋದರಿ, ನಿಮ್ಮದೀಗ ಎಷ್ಟು ಜನ?"

"ಹನ್ನೊಂದು."

"ಅಷ್ಟರಲ್ಲೇ ನಿಲ್ಲಿಸಿ" ಎಂದ ದೀನವಾಗಿ. "ಮೊದಲು ನನಗೂ ಊರಾಚೆ ಒಂದು ತೋಟ, ಪಾತ್ರೆ ತೊಳೆಯೋಕೆ ಇಬ್ಬರು ಸಿಕ್ಕರೆ ಸಾಕಿತ್ತು. ಎಂಟು ವರ್ಷ ಆಯ್ತು, ಒಂದು ಭಾನುವಾರವಾದರೂ ತಡವಾಗಿ ಎದ್ದಿಲ್ಲ. ಹೊರಗೆ ಬರೋ ದಾರಿ ನಿಮಗೇನಾದ್ರೂ ಹೊಳೆದರೆ ನನಗೂ ಹೇಳಿ."

ಕ್ರಿಸ್‌ಮಸ್‌ಗೆ ಎರಡು ವಾರವಿತ್ತು. ನನ್ನ ನಾಲ್ಕು ಸಾಲುಗಳನ್ನು ಒಲೆಯ ಮುಂದೆ ಹಾಡಿಕೊಳ್ಳುತ್ತಿದ್ದೆ. "ಇವತ್ತಿನ ಅಭ್ಯಾಸಕ್ಕೂ ನೀನು ಬರದಿದ್ದರೆ ಆ ಸಾಲುಗಳನ್ನು ಫಿಲಿಸ್‌ಗೆ ಕೊಡ್ತೀವಿ" ಎಂದು ತಂಡದವರು ಹೇಳಿ ಕಳಿಸಿದ್ದರು. ಆ ಮಂಗಳವಾರ ಸಂಜೆ ಡೋರಿನ್ ಸೂಟ್‌ಕೇಸಿನೊಂದಿಗೆ ಬಂದಿಳಿದಳು. ನನ್ನ ರಕ್ಷಣೆಗಂತೆ.

"ಊರೆಲ್ಲ ಹೇಳ್ತಿದಾರೆ ಕಣೇ, ಮಾರ್ವಾ ಗಂಡಸರನ್ನ ಕೂಡಿಹಾಕಿಕೊಂಡು ಏನೋ ಮಾಡ್ತಾಳೆ ಅಂತ!"

"ಮ್ಯಾಕರೋನಿ ಮಾಡ್ತೀನಿ ಅಕ್ಕ" ಎಂದೆ.

ಅಷ್ಟರಲ್ಲಿ ಹಾರ್ಲನ್ ಮಹಡಿಯಿಂದ ಇಳಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಕೆಂಪು ಟೈ.

"ಎಲ್ಲಿಗೆ?"

"ಹಾಡಿನ ತಂಡಕ್ಕೆ. ಗಂಡು ದನಿ ಕಡಿಮೆ ಇದೆಯಂತೆ, ಫಿಲಿಸ್ ಕರೆದಳು." ಗಂಡಂದಿರು ಆಗಲೇ ಸೇರಿದ್ದ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ನಿಜ ಹೇಳ್ಲಾ? ಈಚೆಗೆ ಧರ್ಮದಲ್ಲಿ ಜನ ಜಾಸ್ತಿ ಆದರು ಕಣೇ. ಮೊದಲಿನ ಶಾಂತಿ ಇಲ್ಲ."

ಹೊರಟೇಹೋದ! ನಾನು ಏಪ್ರನ್ ಬಿಚ್ಚಿ ಎಸೆದೆ.

"ಶಾಭಾಷ್!" ಎಂದಳು ಡೋರಿನ್. "ಕೋಟು ಹಾಕ್ಕೋ, ನಡಿ. ಎದುರಿಗೇ ಇದೆ ಚರ್ಚು. ನಿನ್ನನ್ನ ಯಾರು ಕಟ್ಟಿಹಾಕಿದಾರೆ?"

ಕೋಟು ಹಾಕಿದೆ. ಬಾಗಿಲು ತೆರೆದೆ. ಒಂದು ಕಾಲು ಹೊರಗಿಟ್ಟೆ. ಚರ್ಚಿನಲ್ಲಿ ಹಾಡು ಶುರುವಾಗಿತ್ತು. ಇನ್ನು ಮೂವತ್ತೇ ಹೆಜ್ಜೆ.

"ಮಾತೆ ಮಾರ್ವಾ" ಎಂದು ಹಿಂದಿನಿಂದ ಕೇಳಿಸಿತು.

ತಿರುಗಿದೆ. ಹನ್ನೊಂದೂ ಗಂಡಂದಿರು ಅಡುಗೆಮನೆಯ ಬಾಗಿಲಲ್ಲಿ ಎದೆಗೆ ಕೈಯಿಟ್ಟು ನಿಂತಿದ್ದರು. ಲೆನ್ನಿ ನನ್ನ ದೊಡ್ಡ ಟ್ರೇಯನ್ನು ತಿರುಗಿಸಿ ತೋರಿಸಿದ. ತಳದಲ್ಲಿ ಅವನ ಸೊಟ್ಟ ಅಕ್ಷರದ ಟೇಪು: "ಬೇಯಿಸಿದವಳು ಮಾರ್ವಾ."

ಇಪ್ಪತ್ತಾರು ವರ್ಷದಲ್ಲಿ ನನ್ನ ಹೆಸರನ್ನು ನಾನಲ್ಲದೆ ಯಾರೂ ಬರೆದಿರಲಿಲ್ಲ. ಗಾಜಿನ ಮೇಲೆ ಸೋಪಿನ ನೊರೆ ಹಾಗೇ ಇಳಿಯುತ್ತಿತ್ತು. ನನ್ನ ಕಣ್ಣಲ್ಲೂ ನೀರು.

"ಏನೇ ನೋಡ್ತೀಯ, ನಡಿಯೇ!" ಎಂದು ಡೋರಿನ್ ತೋಳು ಹಿಡಿದೆಳೆದಳು.

"ಹೋದರೆ ಇವರಿಗೆ ಟೇಪು ಬರೆಯೋರು ಯಾರಕ್ಕ?" ಎಂದೆ, ಕೋಟಿನ ಗುಂಡಿ ಬಿಚ್ಚುತ್ತ. "ಈ ಲೆನ್ನಿಗಂತೂ ಇನ್ನೂ ಜಾಲಿಸೋದೇ ಬಂದಿಲ್ಲ."

ಬೀದಿಯಾಚೆ ಫಿಲಿಸ್ ನನ್ನ ನಾಲ್ಕು ಸಾಲುಗಳನ್ನು ಹಾಡುತ್ತಿದ್ದಳು. ಚೆನ್ನಾಗಿಯೇ ಹಾಡುತ್ತಿದ್ದಳು. ಕಿಟಕಿ ತೆರೆದಿಟ್ಟು, ಐದನೇ ಟ್ರೇಯನ್ನು ಓವನ್ನಿನೊಳಗೆ ತಳ್ಳಿ, ನಾನೂ ಇಲ್ಲಿಂದಲೇ ದನಿ ಸೇರಿಸಿದೆ.