ಫೋನು ಕಟ್ಟಿದ ಒಡಪು

ಮನುಕುಲದ ಭವಿಷ್ಯದ ಬಗ್ಗೆ ಚಿಂತೆ ಮಾಡುವ ದೊಡ್ಡವರನ್ನು ಕಂಡರೆ ನನಗೆ ಗೌರವವಿದೆ. ಹೊಸ ತಂತ್ರಜ್ಞಾನ ನಮ್ಮನ್ನು ಉದ್ಧಾರ ಮಾಡುತ್ತದೋ ಹಾಳು ಮಾಡುತ್ತದೋ ಎಂದು ಅವರು ಟೀವಿಯಲ್ಲಿ ಹುಬ್ಬು ಗಂಟಿಕ್ಕಿಕೊಂಡು ಮಾತಾಡುತ್ತಾರೆ. ನಾನೂ ಹುಬ್ಬು ಗಂಟಿಕ್ಕಿಕೊಂಡೇ ಕೇಳುತ್ತೇನೆ. ಆದರೆ ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ಮನುಕುಲ ಏನಾದರೂ ಆಗಲಿ, ನನಗಿರುವುದು ಶುದ್ಧ ಹೊಟ್ಟೆಕಿಚ್ಚು. ಅದೂ ನನ್ನ ಹೆಂಡತಿ ಸುನಂದಾಳ ಫೋನಿನ ಮೇಲೆ.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮನೆ ಕಲ್ಲೋಳಿಯಲ್ಲಿ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮಸುಮ್ಮನೆ ಬಾಯಲ್ಲಿ ಆಡುವುದಿಲ್ಲ. ನನ್ನ ಹೆಸರು ಮಾರುತಿ ಆದದ್ದರಿಂದ ನಮ್ಮ ಓಣಿಯ ಮಾರುತಿ ಗುಡಿ ಕೂಡ ಸುನಂದಾಳ ಬಾಯಲ್ಲಿ ‘ಆ ದೇವರ ಗುಡಿ’. ಮದುವೆ, ಬಸುರಿಗೆ ಮಾಡುವ ಕುಬಸ, ತೊಟ್ಟಿಲ ಕಾರ್ಯದಲ್ಲಿ ಮಾತ್ರ, ಉಳಿದವರು ಬಾಗಿಲಿಗೆ ಅಡ್ಡ ನಿಂತು ‘ಹೆಸರ ಹೇಳ, ಅಂದ್ರ ಬಿಡತೀವಿ’ ಎಂದು ಕಾಡಿದಾಗ, ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುತ್ತಾರೆ. ಹೀಗೆ ಹೇಳಬೇಕಾದವರಿಗೆಲ್ಲ ಒಡಪು ಕಟ್ಟಿಕೊಡುತ್ತಿದ್ದವನು ನಾನು. ಮೂಡಲಗಿಯಿಂದಲೂ ಕೇಳಿಕೊಂಡು ಬರುತ್ತಿದ್ದರು. ನನ್ನ ಒಡಪುಗಳಲ್ಲಿ ಒಂದು ಬೆಳ್ಳಿ ಬಟ್ಟಲು ಇದ್ದೇ ಇರುತ್ತಿತ್ತು. ಬಟ್ಟಲಲ್ಲಿ ಕೇಸರಿ ಹಾಲೋ, ಖರ್ಜೂರವೋ ಎಂಬುದು ಗಂಡನ ಹೆಸರು ಹೇಗೆ ಮುಗಿಯುತ್ತದೆ ಎಂಬುದರ ಮೇಲೆ ಹೋಗುತ್ತಿತ್ತು. ತುಕ್ಕಾನಟ್ಟಿಯಲ್ಲಿ ಕುರಿ ಕಾಯ್ದುಕೊಂಡು ಸ್ಟೀಲ್ ತಂಬಿಗೆಯಲ್ಲಿ ಮಜ್ಜಿಗೆ ಕುಡಿಯುವ ಗಂಡಸಿಗೂ ನಾನು ಬೆಳ್ಳಿ ಬಟ್ಟಲಲ್ಲಿ ಕೇಸರಿ ಹಾಲು ಕುಡಿಸಿದ್ದೇನೆ. ಅವನೇನೂ ಬೇಡ ಅಂದಿರಲಿಲ್ಲ.

ಈ ವೈಭವಕ್ಕೆ ಕಲ್ಲು ಬಿದ್ದದ್ದು ಹೋದ ಶ್ರಾವಣದಲ್ಲಿ. ಎದುರು ಮನೆಯ ಹೊಸ ಸೊಸೆ ಪದ್ಮಶ್ರೀ ಬಂದಳು. ಒಡಪು ಕೇಳಲು ಬಂದಳೆಂದು ನಾನು ಅಂಗಿ ಸರಿ ಮಾಡಿಕೊಂಡು ಕುಳಿತೆ. “ಕಾಕಾರ, ಇನ್ನ ಮ್ಯಾಲೆ ನಿಮಗ ತ್ರಾಸ ಕೊಡಂಗಿಲ್ರಿ. ಫೋನ್‌ಗೆ ಹೇಳಿದ್ರ ಅದ ಕಟ್ಟಿ ಕೊಡತೈತ್ರಿ” ಎಂದಳು. ನನಗೆ ಉಪಕಾರ ಮಾಡಿದ ಸಂತೋಷ ಅವಳ ಮುಖದ ಮೇಲಿತ್ತು. ಆಮೇಲೆ ಅಡುಗೆಮನೆಗೆ ಹೋಗಿ ಸುನಂದಾಳಿಗೂ ಅದನ್ನು ಕಲಿಸಿಕೊಟ್ಟಳು. ಅಂದಿನಿಂದ ಹಪ್ಪಳದ ಹಿಟ್ಟಿನ ಹದ, ಮೊಣಕಾಲು ನೋವು, ಎಲ್ಲವನ್ನೂ ಸುನಂದಾ ಫೋನಿಗೆ ಕೇಳತೊಡಗಿದಳು. “ಎಷ್ಟ ಸಮಾಧಾನದಿಂದ ಮಾತಾಡತೈತಿ ನೋಡ್ರಿ. ಎರಡ ಸಲ ಕೇಳಿದ್ರೂ ಸಿಡಿಮಿಡಿ ಮಾಡಂಗಿಲ್ಲ” ಎಂದು ನನ್ನತ್ತ ನೋಡಿದಳು. ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಹುಕ್ಕೇರಿಯಲ್ಲಿ ಅವಳ ಅಣ್ಣನ ಮಗಳ ಕುಬಸ ಗೊತ್ತಾಯಿತು. ಸುನಂದಾ ಒಡಪು ಹೇಳಲೇಬೇಕು. ನನ್ನನ್ನು ಕೇಳುತ್ತಾಳೆಂದು ಬೆಳ್ಳಿ ಬಟ್ಟಲು ತಿಕ್ಕಿಟ್ಟುಕೊಂಡೇ ಕಾದೆ. ಅವಳು ಕೇಳಲಿಲ್ಲ. ಒಂದು ಸಂಜೆ ಒಳಗಿನಿಂದ ಮಾತು ಕೇಳಿಸಿತು. “ನಿಮ್ಮ ಪತಿಯ ಹೆಸರನ್ನು ತಿಳಿಸಿ” ಎಂದು ಫೋನು ಪುಸ್ತಕದ ಕನ್ನಡದಲ್ಲಿ ವಿನಯದಿಂದ ಕೇಳುತ್ತಿತ್ತು.

“ಹೆಸರ ಹೇಳಾಕಂತನ ಒಡಪ ಬೇಕಾಗೇತಿ. ಒಡಪ ಇಲ್ದ ಹೆಸರ ಹೆಂಗ ಹೇಳಲಿ?” ಎಂದಳು ಇವಳು.

“ಕ್ಷಮಿಸಿ. ಹೆಸರು ತಿಳಿಯದೆ ಒಡಪು ರಚಿಸುವುದು ಕಷ್ಟ.”

“ಲಂಕಾ ಸುಟ್ಟ ದೇವರ ಹೆಸರ ಐತಿ. ತಿಳ್ಕೊ.”

ಆಮೇಲೆ ಬಾಗಿಲಿಗೆ ಬಂದು ನನ್ನ ಕಡೆ ತಿರುಗಿ, “ರೀ, ಒಂದೀಟ ನಿಮ್ಮ ಹೆಸರ ಇದಕ್ಕ ಹೇಳ್ರಿ” ಎಂದಳು. ನನ್ನ ಹೊಟ್ಟೆಯ ಮೇಲೆ ಹೊಡೆದವನಿಗೆ ನಾನೇ ಕೋಲು ಕೊಡಬೇಕೆ? “ಎಲ್ಲಾ ಬಲ್ಲದಲ್ಲ ಅದು, ಇದನ್ನೂ ತಿಳಕೊಳ್ಳಲಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟೆ.

ಕುಬಸದ ದಿನ ಹುಕ್ಕೇರಿಯ ಪೆಂಡಾಲಿನಲ್ಲಿ ನಾನು ಗಂಡಸರ ನಡುವೆ ಕುಳಿತಿದ್ದೆ. ಆಚೆ ಹಸಿರು ಸೀರೆಯ ಬಸುರಿಯ ಸುತ್ತ ಹೆಂಗಸರು. ಸುನಂದಾಳ ಸರದಿ ಬಂತು. ಅವಳು ತಪ್ಪಲಿ, ತೊದಲಲಿ, ಪ್ರಾಸ ಕುಂಟಲಿ ಎಂದು ದೇವರನ್ನು ಬೇಡಿಕೊಂಡೆ. ಕಟ್ಟಿಕೊಂಡ ಹೆಂಡತಿಯ ಬಗ್ಗೆ ಹೀಗೆ ಬೇಡಿಕೊಳ್ಳುವವನ ಮಾತನ್ನು ಯಾವ ದೇವರು ಕೇಳುತ್ತಾನೆ? ಅವಳು ಸೆರಗು ಸರಿಪಡಿಸಿಕೊಂಡು ಗಟ್ಟಿಯಾಗಿ ಹೇಳಿದಳು:

“ಹಲ್ಲಿಗಿ ಗಟ್ಟಿ, ನಾಲಿಗಿಗಿ ಸವಿ, ಗೋಕಾಕ ಕರದಂಟ,
ಮಾರುತಿ ಮಾಸ್ತರು ಸಿಟ್ಟಾದ್ರೂ ಬಿಡಲಾರದ ನಂಟ.”

ಪೆಂಡಾಲೇ ಹಾರಿಹೋಗುವಂತೆ ನಗು, ಚಪ್ಪಾಳೆ. ಅವಳ ಅಣ್ಣ ನನ್ನ ಬೆನ್ನಿಗೆ ಗುದ್ದಿ, “ಏನ್ ಮಾಸ್ತರ, ಭಾರಿ ಕಟ್ಟೀರಲ್ರಿ!” ಎಂದ.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊಟ್ಟೆಯ ಉರಿ ಬಾಯಿಗೆ ಬಂದಿತ್ತು. “ನಾ ಕಟ್ಟಿದ್ದಲ್ರಿ ಅದು, ಫೋನ್ ಕಟ್ಟಿದ್ದು” ಎಂದು ಹೆಂಗಸರಿಗೂ ಕೇಳುವಂತೆ ಶುರು ಮಾಡಿದೆ. “ಜೀವ ಇಲ್ಲ ಅದರಾಗ. ಬಾಯಾಗ ಹಲ್ಲಿಲ್ಲದ್ದು ಕರದಂಟಿನ ರುಚಿ ಏನ ಬಲ್ಲದು? ಸಂಸಾರ ಮಾಡಲಾರದ್ದು ನಂಟಿನ ಸುದ್ದಿ ಏನ ಹೇಳತೈತಿ?” ಅಲ್ಲಿಂದ ಮನುಕುಲದ ಭವಿಷ್ಯಕ್ಕೆ ಹೋದೆ. ಟೀವಿಯಲ್ಲಿ ಕೇಳಿದ್ದನ್ನೆಲ್ಲ ಒದರಿದೆ. ಊಟದ ಪಂಕ್ತಿ ಕೂರುವವರೆಗೆ ಬಿಡಲಿಲ್ಲ.

ತಿರುಗಿ ಬರುವಾಗ ಬಸ್ಸು ಘಟಪ್ರಭಾ ದಾಟಿತು. ಸುನಂದಾ ಕಿಟಕಿಯ ಹೊರಗೆ ನೋಡುತ್ತಲೇ ಅಂದಳು: “ಆ ಫೋನ್ ಮೊದಲ ಹಣಮಂತ ಅಂತು, ಆಮ್ಯಾಲೆ ಆಂಜನೇಯ ಅಂತು. ಬ್ಯಾರೆ ಗಂಡಸರ ಹೆಸರ ಕೇಳಿ ಕೇಳಿ ನನಗ ನಾಚಿಕಿ ಬಂತು. ಬಂದ್ ಮಾಡಿ ಇಟ್ನಿ. ರೊಟ್ಟಿ ಬಡ್ಯೂವಾಗ ನಾನ ಕಟ್ಟಿದ್ನಿರಿ ಅದನ್ನ.”

ಬಸ್ಸಿನ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲವೆಂದು ನಟಿಸಬಹುದಿತ್ತು. ಆದರೆ ಅವಳು ಇನ್ನೊಮ್ಮೆ ಹೇಳಿದಳು.

ಈಗ ಸಂಜೆಯಾದರೆ ನಮ್ಮ ಮನೆಯ ಕಟ್ಟೆಯ ಮೇಲೆ ಒಡಪಿಗಾಗಿ ಹೆಂಗಸರು ಸೇರುತ್ತಾರೆ. ಫೋನು ಬಲ್ಲ ಪದ್ಮಶ್ರೀಯೂ ಬರುತ್ತಾಳೆ. ಎಲ್ಲರೂ ಕೇಳುವುದು “ಸುನಂದಕ್ಕಾರ ಅದಾರೇನ್ರಿ?” ಎಂದೇ. ನಾನು ಬಾಗಿಲು ತೆರೆದು ದಾರಿ ಬಿಡುತ್ತೇನೆ. ಯಂತ್ರದ ಮೇಲಿನ ಹೊಟ್ಟೆಕಿಚ್ಚನ್ನು ಊರವರ ಮುಂದೆ ಆಡಿಕೊಂಡು ಹಗುರಾಗಬಹುದಿತ್ತು. ಹೆಂಡತಿಯ ಮೇಲಿನ ಇದನ್ನು ಯಾರ ಮುಂದೆ ಹೇಳಲಿ? ಆ ಒಡಪನ್ನು ಫೋನೇ ಕಟ್ಟಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅನ್ನಿಸುತ್ತದೆ.

ಮೊನ್ನೆ ತಡೆಯಲಾರದೆ, ಅವಳು ಕಟ್ಟೆಯ ಮೇಲಿದ್ದಾಗ, ಒಳಗೆ ಅವಳ ಫೋನು ಹಿಡಿದು ಪಿಸುಗುಟ್ಟಿದೆ: “ಅಕೀ ಕಟ್ಟಿದ್ದಕ್ಕಿಂತ ಛಲೋದೊಂದ ಒಡಪ ಕಟ್ಟಿ ಕೊಡು. ಹೆಸರು ಮಾರುತಿ.” ಅದು ಕ್ಷಣವೂ ತಡಮಾಡದೆ ಕಟ್ಟಿಕೊಟ್ಟಿತು. ಬೆಳ್ಳಿ ಬಟ್ಟಲು, ಕೇಸರಿ ಹಾಲು. ನನಗೆ ಅದರ ಮೇಲೆ ಮೊದಲ ಸಲ ಅಂತಃಕರಣ ಉಕ್ಕಿತು. “ಇರಲಿ ಬಿಡಪ್ಪಾ, ನಮ್ಮಿಬ್ಬರ ಕೈಲೆ ಇಷ್ಟ ಆಗೂದು” ಎಂದು ಸಮಾಧಾನ ಹೇಳಿ, ಅವಳು ಒಳಗೆ ಬರುವ ಮೊದಲು ಫೋನನ್ನು ಇದ್ದ ಜಾಗದಲ್ಲೇ ಇಟ್ಟೆ.